ಏಣಿ ತೆಗೆದವರು

“ಅವ್ನ ತಾಯಿ ಅವ್ನನ್ನ ಅಟ್ಟಕ್ಕೆ ಹತ್ಸಿ ಏಣಿ ತೆಗೆದಿಡ್ತಿದ್ಲಂತೆ. ಅದ್ಕೇ ಅಂಗಾದ ಕಣ್ಲಾ.”

ಕಾಂತನ ಬಗ್ಗೆ ಚನ್ನರಾಯಪಟ್ಟಣದ ಸೀಮೆಯಲ್ಲಿ ಈಗ ಯಾರನ್ನು ಕೇಳಿದರೂ ಇದೇ ಉತ್ತರ. ಒಂದು ವರ್ಷದೊಳಗೆ ಮೂವರು ಹೆಂಗಸರನ್ನು ಕೊಂದವನು ಯಾಕೆ ಹಾಗಾದ ಅಂದರೆ ಒಂದು ಅಟ್ಟ, ಒಂದು ಏಣಿ, ಒಬ್ಬಳು ಕಲ್ಲೆದೆಯ ತಾಯಿ. ಹೇಳಿದವರಿಗೂ ಸಮಾಧಾನ, ಕೇಳಿದವರಿಗೂ ಸಮಾಧಾನ. ನನಗೆ ಮಾತ್ರ ಈ ಮಾತಿನ ಮೇಲೆ ತಕರಾರಿದೆ. ಅಟ್ಟಕ್ಕೆ ಹತ್ತಿಸಿಕೊಂಡ ಮಕ್ಕಳೆಲ್ಲ ಕೊಲೆಗೆ ಹೊರಟಿದ್ದರೆ ನಮ್ಮ ಜಿಲ್ಲೆಯಲ್ಲಿ ಅರ್ಧ ಜನ ಜೈಲಿನಲ್ಲಿರಬೇಕಿತ್ತು. ಅದು ಹಾಗಿರಲಿ. ಇನ್ನೂ ದೊಡ್ಡ ತಕರಾರು ಏನೆಂದರೆ, ಈ ವಾಕ್ಯವನ್ನು ಮೊದಲು ಕಾಗದದ ಮೇಲೆ ಬರೆದವಳು ನಾನೇ. ಅದು ಹೇಗೆ ತಯಾರಾಯಿತು ಎಂಬುದು ನನಗೆ ಗೊತ್ತು.

ಕಳೆದ ವಾರ ಹೊಳೆನರಸೀಪುರದಿಂದ ಹೊರಟವಳು ಚನ್ನರಾಯಪಟ್ಟಣದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಮಂಡಿಯ ಮುಂದೆ ಇಬ್ಬರು ಲಾರಿಗೆ ಮೂಟೆ ಏರಿಸುತ್ತಿದ್ದರು. ಕೊಬ್ಬರಿಯ ವಾಸನೆ ಗೊತ್ತಲ್ಲ, ಸಿಹಿಯಾಗಿ ಶುರುವಾಗಿ ಕೊನೆಗೆ ಗಂಟಲಲ್ಲಿ ಎಣ್ಣೆಯಾಗಿ ಕೂರುವ ವಾಸನೆ. ಅದು ಮೂಗಿಗೆ ಬಡಿದದ್ದೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆ ಇಬ್ಬರು ಮಾತಾಡುತ್ತಿದ್ದುದೂ ಕಾಂತನ ವಿಷಯವೇ, ಹೇಳಿದ್ದೂ ನಾನು ಬರೆದದ್ದೇ. ಬಸ್ಸು ಬಂತು. ಹತ್ತಿದೆ. ಆದರೆ ಮೂರು ವರ್ಷದ ಹಿಂದಿನ ಆಷಾಢ ನನ್ನ ಜೊತೆಯೇ ಹತ್ತಿ ಪಕ್ಕದ ಸೀಟಿನಲ್ಲಿ ಕೂತುಬಿಟ್ಟಿತು.

ಆಗ ನಾನು ಹಾಸನದಲ್ಲಿ ಕಾನೂನಿನ ಕೊನೆಯ ವರ್ಷ ಓದುತ್ತಿದ್ದೆ. ಓದಿದ್ದಕ್ಕಿಂತ ಚರ್ಚಾಸ್ಪರ್ಧೆಯಲ್ಲಿ ನಿಂತದ್ದೇ ಹೆಚ್ಚು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಗೊತ್ತಾದ ಅರ್ಧ ಗಂಟೆಯೊಳಗೆ ಅದೇ ನನ್ನ ನಂಬಿಕೆಯಾಗಿರುತ್ತಿತ್ತು. ಸಂಜೆ ಹೊತ್ತು ಪರಮೇಶಪ್ಪನವರೆಂಬ ವಕೀಲರ ಕಚೇರಿಗೆ ಕೆಲಸ ಕಲಿಯಲು ಹೋಗುತ್ತಿದ್ದೆ. ಅರಕಲಗೂಡು ಕಡೆಯವರು, ಅರವತ್ತು ದಾಟಿದವರು. ವಕೀಲರನ್ನು ಇಟ್ಟುಕೊಳ್ಳಲಾಗದ ಆರೋಪಿಗಳಿಗೆ ನ್ಯಾಯಾಲಯವೇ ನೇಮಿಸುವ ವಕೀಲರಲ್ಲಿ ಅವರೊಬ್ಬರು. ಕಾಂತ ಹಾಗೆ ಅವರ ಪಾಲಿಗೆ ಬಂದಿದ್ದ.

ಅವನೇ ಕೊಂದದ್ದು ಎಂದು ಅಷ್ಟರಲ್ಲಿ ತೀರ್ಮಾನವಾಗಿತ್ತು. ಉಳಿದಿದ್ದ ಪ್ರಶ್ನೆ ಗಲ್ಲೋ ಜೀವಾವಧಿಯೋ ಎಂಬುದೊಂದೇ. ಅದನ್ನು ತೀರ್ಮಾನಿಸುವ ಮೊದಲು ಅವನು ಬೆಳೆದ ರೀತಿ, ಅವನ ಮನಸ್ಸಿನ ಸ್ಥಿತಿ, ಎಲ್ಲದರ ಬಗ್ಗೆ ಒಂದು ವರದಿ ಸಲ್ಲಿಸಲು ನ್ಯಾಯಾಧೀಶರು ಶ್ರಾವಣದವರೆಗೆ ಸಮಯ ಕೊಟ್ಟಿದ್ದರು.

“ಊರೂರು ತಿರುಗೋ ಕಾಲು ನಂದಲ್ಲ ಈಗ. ನೀನು ಹೋಗಿ ಬಾರಮ್ಮ,” ಅಂದರು ಪರಮೇಶಪ್ಪ.

“ಸರ್, ಬಾಲ್ಯ ಕೆಟ್ಟದಿತ್ತು ಅನ್ನೋದು ಕಾರಣ ಆಗಲ್ಲ. ಎಷ್ಟೋ ಜನರ ಬಾಲ್ಯ ಕೆಟ್ಟದಿರುತ್ತೆ.”

“ವಾದ ನನ್ನ ಹತ್ರ ಬೇಡ. ಹೋಗಿ ನೋಡು, ಬಂದು ಬರಿ. ಒಬ್ಬ ಮನುಷ್ಯನ ಕುತ್ತಿಗೆ ವಿಷಯ.”

ಕಾಂತನ ಕೆಲಸ ಏನೆಂದು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಆ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ ಕಾಯಿ ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ಕೊಬ್ಬರಿ ಸುಲಿಯುವವನನ್ನು ಕರೆಸಬೇಕು. ಅವನು ಅಟ್ಟ ಹತ್ತಿ, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಆಗಿರುವುದನ್ನು ಆರಿಸಿ, ಚಿಪ್ಪು ಒಡೆದು, ಕೊಬ್ಬರಿಗೆ ಮಚ್ಚಿನ ಗಾಯವಾಗದಂತೆ ತೆಗೆದುಕೊಡುತ್ತಾನೆ. ಎರಡು ದಿನ, ಮೂರು ದಿನ ಮನೆಯೊಳಗೇ ಇರುತ್ತಾನೆ. ಅಡುಗೆಮನೆಯ ಮೇಲೆ, ದೇವರ ಮನೆಯ ಮೇಲೆ ಅವನ ಓಡಾಟ. ಕೆಳಗೆ ಹೆಂಗಸರು ಅವನಿಗೂ ಸೇರಿಸಿ ಮುದ್ದೆ ಕಟ್ಟುತ್ತಾರೆ. ಕಾಂತ ಈ ಕೆಲಸದಲ್ಲಿ ಹೆಸರು ಮಾಡಿದ್ದ.

ಸತ್ತ ಮೂವರೂ ಐವತ್ತು ದಾಟಿದವರು, ಮೂವರೂ ಮಧ್ಯಾಹ್ನ ಒಬ್ಬರೇ ಇದ್ದಾಗ ಅಡುಗೆಮನೆಯಲ್ಲಿ ಸತ್ತವರು. ಕುತ್ತಿಗೆಯ ಸರ ಕುತ್ತಿಗೆಯಲ್ಲೇ ಇತ್ತು. ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದು, ಗೋಡೆಗೆ ಬೋರಲು ಹಾಕಿ ಹೋಗಿದ್ದ.

ಕೊಲೆಗಳು ನಡೆದ ಬಾಗೂರು ಕಡೆಯ ಹಳ್ಳಿಗಳಿಗೆ ನಾನು ಕಾಲಿಟ್ಟಾಗ ಅವನು ಜೈಲು ಸೇರಿ ವರ್ಷಗಳೇ ಆಗಿದ್ದವು. ಆದರೂ ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಬೀದಿಯಲ್ಲಿ ಒಂದು ಬಾಗಿಲೂ ತೆರೆದಿರುತ್ತಿರಲಿಲ್ಲ. ನಮ್ಮ ಕಡೆ ಹಗಲು ಹೊತ್ತು ಬಾಗಿಲು ಹಾಕುವುದು ಸಾವಾದ ಮನೆಯಲ್ಲಿ ಮಾತ್ರ. ಅಲ್ಲಿ ಸಾಲಾಗಿ ಹಾಕಿದ್ದವು. ಆಷಾಢದ ಗಾಳಿಗೆ ತೆಂಗಿನ ಗರಿಗಳು ಹೆಂಚಿನ ಮೇಲೆ ಕೆರೆಯುತ್ತಿದ್ದವು. ಪ್ರತಿ ಸಲ ಕೆರೆದಾಗಲೂ ಒಳಗಿನಿಂದ “ಯಾರದು” ಎಂಬ ದನಿ. ಹೆಂಗಸಿನ ದನಿ ಕೇಳಿದ ಮೇಲೂ ಕಿಟಕಿಯ ಸಂದಿನಿಂದ ನನ್ನ ಕೈ ನೋಡಿ, ಕೈಯಲ್ಲೇನಿಲ್ಲ ಎಂದು ಖಾತ್ರಿ ಮಾಡಿಕೊಂಡು ಅಗುಳಿ ತೆಗೆಯುತ್ತಿದ್ದರು.

ಹಾಗೆ ಬಾಗಿಲು ತೆಗೆದವರಲ್ಲಿ ಪುಟ್ಟಮ್ಮ ಒಬ್ಬರು. ಎಪ್ಪತ್ತರ ಹತ್ತಿರದವರು. ಅವರ ಸಾಕ್ಷ್ಯ ಕೋರ್ಟಿನ ಕಡತದಲ್ಲಿ ನಾಲ್ಕೇ ಸಾಲು ಇತ್ತು. ನನಗೆ ಅವರು ಒಂದು ಗಂಟೆ ಹೇಳಿದರು.

“ಮೊದಲ್ನೇದು ಆದಾಗ ಎಲ್ರೂ ಏನಂದ್ರು ಗೊತ್ತಾ? ಹೈವೇಲಿ ಬಸ್ಸಿಳಿದು ಬಂದ ಯಾವನೋ ಪರದೇಸಿ ಅಂದ್ರು. ಮಗ ಸೊಸೆ ವೊಲಕ್ಕೆ ಓದ್ರೆ ನಾನೊಬ್ಳೆ. ಎದೆ ಡವಡವ ಅನ್ನೋದು. ಅದ್ಕೆ ಅಟ್ಟದ ಕೆಲ್ಸ ಮುಗಿದ್ರೂ ಕಾಂತಂಗೆ ನಾನೇ ಹೇಳ್ದೆ, ಮಗ ಬರೋಗಂಟ ಜಗ್ಲಿ ಮೇಲೆ ಕೂತಿರಪ್ಪ, ಒಬ್ಳಿಗೆ ಭಯ ಆಯ್ತದೆ ಅಂತ.”

ನಾನು ಬರೆಯುವುದನ್ನು ನಿಲ್ಲಿಸಿದೆ. “ನೀವೇ ಹೇಳಿದ್ರಾ?”

“ನಾನೊಬ್ಳೇ ಅಲ್ಲ ಕಣವ್ವ. ಈ ಬೀದೀಲಿ ನಾಕು ಮನೇಲಿ ಅವ್ನನ್ನ ಕೂರಿಸ್ಕಂಡಿದ್ರು. ಗೊತ್ತಿರೋನು, ನಮ್ಮೋನು, ಮಚ್ಚು ಇರೋನು ಒಬ್ಬ ಇದ್ರೆ ಧೈರ್ಯ ಅಲ್ವಾ. ಎರಡ್ನೇದಾಗಿ ಸತ್ಲಲ್ಲ ದ್ಯಾವಮ್ಮ, ಅವ್ಳೂ ಅಂಗೇ ಕೂರಿಸ್ಕಂಡಿದ್ದೋಳು.”

ನಾಲ್ಕು ಮಧ್ಯಾಹ್ನ ಅವನು ಪುಟ್ಟಮ್ಮನ ಜಗಲಿಯ ಮೇಲೆ ಕೂತಿದ್ದ. ನಾಲ್ಕನೆಯ ದಿನ ಉಂಡ ಮೇಲೆ ಇವರಿಗೆ ಕಣ್ಣು ಹತ್ತಿತ್ತು. ಎಚ್ಚರವಾದಾಗ ಅವನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಇವರನ್ನೇ ನೋಡುತ್ತಿದ್ದ. ಎಷ್ಟು ಹೊತ್ತಿನಿಂದಲೋ. “ನೀರು ಕೊಡವ್ವ,” ಅಂದ. ಕೊಟ್ಟರು. ಕುಡಿದು, ಲೋಟ ತೊಳೆದಿಟ್ಟು, ಹೊರಗೆ ಹೋಗಿ ಕೂತ.

“ನೀವು ಓದ್ದೋರು,” ಅಂದರು ಪುಟ್ಟಮ್ಮ. “ಅವ್ನು ಅವ್ರನ್ನೆಲ್ಲ ಯಾಕೆ ಕೊಂದ ಅಂತ ಬರೀತಿದ್ದೀರಿ. ನನ್ನ ಯಾಕೆ ಬಿಟ್ಟ ಅಂತ ಬರೀರಿ ನೋಡಾನ. ಅದು ಗೊತ್ತಾದ್ರೆ ನಾನು ಮಧ್ಯಾನ ಒಂದು ಗಳಿಗೆ ಮಲಗೇನು.”

ಕೊಂದದ್ದಕ್ಕೆ ಬಾಲ್ಯ ಕಾರಣವಾದರೆ ಬಿಟ್ಟದ್ದಕ್ಕೆ ಯಾವುದು ಕಾರಣ? ಅದೇ ಬಾಲ್ಯ ತಾನೇ ಎರಡೂ ದಿನ ಅವನ ಜೊತೆಗಿದ್ದದ್ದು?

ಅದರ ಮುಂದಿನ ವಾರ ಜೈಲಿಗೆ ಹೋದೆವು. ಪರಮೇಶಪ್ಪ ಮೊದಲೇ ಎಚ್ಚರಿಸಿದ್ದರು, ನಿನ್ನ ಹೆಸರು ಊರು ಹೇಳಬೇಡ ಎಂದು. ನಾನು ಮನಸ್ಸಿನಲ್ಲಿ ಯಾವುದೋ ಕೆಂಗಣ್ಣಿನ ಮುಖ ಬರೆದುಕೊಂಡಿದ್ದೆ. ಬಂದವನು ಮೂವತ್ತೈದರ ಸಣಕಲು ಮನುಷ್ಯ. ಒಳಗೆ ಬರುವ ಮುಂಚೆ ಬಾಗಿಲಲ್ಲಿ ಕಾಲು ಒರೆಸಿಕೊಂಡ. ಹಣೆಯ ಎಡಗಡೆ ಕೂದಲಿನೊಳಗೆ ಹೋಗುವ ಹಳೆಯ ಗಾಯದ ಗುರುತು. ಮಾತಾಡುವಾಗ ಬಲಗೈ ಗೆಣ್ಣಿನಿಂದ ಮೇಜನ್ನು ಮೆಲ್ಲಗೆ ತಟ್ಟುತ್ತಿದ್ದ, ತಟ್ಟಿ ಕಿವಿಗೊಡುತ್ತಿದ್ದ.

ಚಿಕ್ಕಂದಿನಲ್ಲಿ ತನ್ನನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯುತ್ತಿದ್ದರೆಂದು ಅವನು ಪರಮೇಶಪ್ಪನವರಿಗೆ ಒಮ್ಮೆ ಹೇಳಿದ್ದನಂತೆ. ಆ ಅಟ್ಟದ ಬಗ್ಗೆ ಕೇಳಿದೆ.

“ಕಾಯಿ ಮುಟ್ಟಂಗಿಲ್ಲ ಮೇಡಮ್ಮೋರೆ. ಮುಟ್ಟಿದ್ರೆ ಬಲಿಯಾಕಿಲ್ಲ. ಸುಮ್ಕೆ ಕೂತಿರ್ಬೇಕು. ಮೊದ್ಲು ಒಳಗೆ ನೀರು ಅಲ್ಲಾಡ್ತದೆ. ಆಮ್ಯಾಕೆ ಏನೂ ಇಲ್ಲ. ಇನ್ನೂ ಸ್ವಲ್ಪ ದಿನ ಬಿಟ್ರೆ ಚಿಪ್ಪಿನೊಳಗೆ ಕಾಯೇ ಅಲ್ಲಾಡ್ತದೆ.” ಮೇಜನ್ನು ಇನ್ನೊಮ್ಮೆ ತಟ್ಟಿ ಹೇಳಿದ, “ಆ ನಡುವೆ ಏನೂ ಇಲ್ದಂಗಿರ್ತದಲ್ಲ, ಅದೇ ಚೆಂದ.”

“ಏಣಿ ಯಾರು ತೆಗೀತಿದ್ರು?”

“ಕತ್ಲೆ ಅಲ್ವಾ. ಮುಖ ಕಾಣಾಕಿಲ್ಲ. ಬಿದ್ನಲ್ಲ, ಅವತ್ತು ಬಳೆ ಸದ್ದು ಕೇಳುಸ್ತು.”

ಅದನ್ನು ಬರೆದುಕೊಂಡೆ. ಅವನು ಇನ್ನೂ ಮಾತಾಡಲಿ ಎಂದು ಸಲಿಗೆಗೆ ಒಂದು ಮಾತು ಸೇರಿಸಿದೆ, ನಮ್ಮ ದೊಡ್ಡಮ್ಮನ ಮನೆಯಲ್ಲೂ ಅಟ್ಟ ಇದೆ ಅಂತ. ಯಾವ ಕಡೆ ಎಂದ. ಬಾಗೂರು ರಸ್ತೆ ಅಂದುಬಿಟ್ಟೆ. ಪರಮೇಶಪ್ಪ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಕಾಂತ ಕಣ್ಣು ಮುಚ್ಚಿ ನನ್ನ ಮುಖದ ಕಡೆ ಸ್ವಲ್ಪ ಹೊತ್ತು ಕಿವಿಗೊಟ್ಟ.

“ಹಸ್ರು ಬಾಗ್ಲು. ಮೂಗು ನಿಮ್ದೂ ಅವ್ರದೂ ಒಂದೇ. ದೇವ್ರ ಮನೆ ಮೇಲೆ ಮೂರ್ನೇ ಹಲಗೆ ಸಡಿಲ ಅದೆ. ಸರಿ ಮಾಡ್ಸಿದ್ರಾ?”

ಹೊರಗೆ ಬಂದವಳೇ ದೊಡ್ಡಮ್ಮನಿಗೆ ಫೋನು ಮಾಡಿದೆ. “ಬಂದಿದ್ದ ಕಣೆ, ಎರಡು ದಿನ,” ಅಂದರು. “ನಿಮ್ಮ ದೊಡ್ಡಪ್ಪ ಮೈಸೂರಿಗೆ ಹೋಗಿದ್ರು. ನಾನೊಬ್ಳೇ ಇದ್ದೆ. ಎಷ್ಟು ನಯ ಗೊತ್ತಾ? ಪೇಪರಲ್ಲಿ ಫೋಟೋ ನೋಡಿದ ದಿವಸ ಮೂರು ಸಲ ತಲೆಗೆ ನೀರು ಹಾಕ್ಕೊಂಡೆ, ಯಾರಿಗೂ ಹೇಳಿಲ್ಲ.” ಆ ಹಲಗೆ ಇನ್ನೂ ಸಡಿಲವೇ ಇತ್ತು. ಆವತ್ತಿನಿಂದ ಹಾಸನದ ನನ್ನ ಕೋಣೆಯಲ್ಲಿ ಮಧ್ಯಾಹ್ನ ಓದುವುದನ್ನು ಬಿಟ್ಟೆ. ಮಹಡಿಯ ಮೇಲಿನವರು ಕುರ್ಚಿ ಎಳೆದರೂ ಪುಸ್ತಕ ಮುಚ್ಚಿ ಬೀದಿಗೆ ಇಳಿದು ನಿಲ್ಲುತ್ತಿದ್ದೆ.

ಅವನನ್ನು ಪರೀಕ್ಷಿಸಿದ ಮನೋವೈದ್ಯರು ಸ್ಪಷ್ಟವಾಗಿ ಮಾತಾಡುವವರು. ಇದು ಹುಚ್ಚಲ್ಲ ಅಂದರು. ಮಾಡಿದ್ದು ತಪ್ಪೆಂದು ಅವನಿಗೆ ಗೊತ್ತು, ಗೊತ್ತಿರುವುದು ತಾಕುವುದಿಲ್ಲ. ಇನ್ನೊಬ್ಬರ ನೋವು ಅವನೊಳಗೆ ಇಳಿಯುವುದೇ ಇಲ್ಲ. ವ್ಯಕ್ತಿತ್ವದ ತೀವ್ರ ದೋಷ ಎಂದು ಬರೆದಿದ್ದರು. ಮೆದುಳಿನ ಮುಂಭಾಗಕ್ಕೆ ಹಿಂದೆಂದೋ ಪೆಟ್ಟು ಬಿದ್ದ ಗುರುತು ಸ್ಕ್ಯಾನಿನಲ್ಲಿತ್ತು. ಯಾರ ಮೇಲೂ ಮಮತೆ ಬೆಳೆಯದ ಬಾಲ್ಯ ಎಂಬುದೂ ಇತ್ತು.

“ಹಾಗಾದರೆ ಈ ಮೂರೂ ಸೇರಿ ಅವನನ್ನು ಕೊಲೆಗಾರನನ್ನಾಗಿ ಮಾಡಿದವಾ?” ಎಂದೆ.

“ಏನೇನಿದೆ ಅಂತ ಹೇಳಬಲ್ಲೆ. ಅದರಿಂದಲೇ ಇದಾಯ್ತು ಅಂತ ಪ್ರಮಾಣ ಮಾಡಲಾರೆ. ಅದೇ ಪೆಟ್ಟು ಬಿದ್ದು ಶಾಂತವಾಗಿ ಮೇಷ್ಟ್ರ ಕೆಲಸ ಮಾಡ್ತಿರೋರನ್ನೂ ನೋಡಿದ್ದೀನಿ.”

“ಕೋರ್ಟಿಗೆ ಏನು ಹೇಳಬೇಕು?”

“ಪೆಟ್ಟು ಮೊದಲೋ ಅವನ ಈ ಸ್ವಭಾವ ಮೊದಲೋ, ಅದನ್ನು ಕಂಡವರು ಯಾರಾದರೂ ಇದ್ದರೆ ಕೇಳಿ. ನನ್ನ ಸ್ಕ್ಯಾನು ದಿನಾಂಕ ಹೇಳೋದಿಲ್ಲ.”

ಅವತ್ತು ಸಂಜೆ ಕೂತು ಪಟ್ಟಿ ಮಾಡಿದೆ. ತಂದೆ ಬೇಗ ಸತ್ತದ್ದು. ತಾಯಿಯ ಹೊಡೆತ. ಒಂಟಿಯಾಗಿ ಕೂಡಿಹಾಕಿದ್ದು. ತೋಳಿನ ಮೇಲೆ ಕಾದ ಕಬ್ಬಿಣದ ಬರೆ. ಕೊನೆಯದನ್ನು ಬರೆದು ಪೆನ್ನು ಕೆಳಗಿಟ್ಟೆ. ಬರೆ ನನ್ನ ತೋಳಿನ ಮೇಲೂ ಇದೆ. ಕಾಮಾಲೆ ಇಳಿಯಲಿ ಎಂದು ಅಜ್ಜಿ ಹಾಕಿಸಿದ್ದು, ಆಗ ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳಂತೆ. ನಮ್ಮ ಸೀಮೆಯಲ್ಲಿ ಅದು ಔಷಧಿ. ವರದಿಯಲ್ಲಿ ಬರೆದರೆ ಚಿತ್ರಹಿಂಸೆ. ತಪ್ಪು ಮಾಡಿದಾಗ ಅಪ್ಪ ನನ್ನನ್ನು ಕೂಡಿಹಾಕುತ್ತಿದ್ದ ಹೊಗೆಸೊಪ್ಪಿನ ಕಡ್ಡಿಪುಡಿ ವಾಸನೆಯ ಉಗ್ರಾಣ ನೆನಪಾಯಿತು. ಅಲ್ಲಿ ಕೂತು ಜಿರಲೆಯ ಕಾಲು ಕಿತ್ತದ್ದೂ ನೆನಪಾಯಿತು, ಅದು ಎಷ್ಟು ಕಾಲಿನವರೆಗೆ ನಡೆಯುತ್ತದೆ ಎಂದು ನೋಡಿದ್ದೆ. ಅಷ್ಟು ಹೊತ್ತು ಬೇರೆ ಯಾರದೋ ಮನೆಯಲ್ಲಿದ್ದ ಭಯ ಆಗ ನನ್ನ ಮೇಜಿನ ಹತ್ತಿರ ಬಂತು. ಅವನು ಯಾಕೆ ಹಾಗಾದ ಎಂಬುದಕ್ಕೆ ಸಿದ್ಧ ಉತ್ತರ ಬೇಕೆಂದು ಊರಿಗೆ ಊರೇ ಯಾಕೆ ಹಟ ಹಿಡಿಯುತ್ತದೆ ಎಂಬುದೂ ಆಗಲೇ ಅರ್ಥವಾಯಿತು. ಆ ತಾಯಿ ಬೇರೆ ಥರದವಳು ಅಂದರೆ ಮಾತ್ರ ನಮ್ಮ ಮನೆಗಳು ಬೇರೆ ಆಗುತ್ತವೆ.

ತಾಯಿ ಸತ್ತು ಹತ್ತು ವರ್ಷದ ಮೇಲಾಗಿತ್ತು. ಕಂಡವರು ಅಂದರೆ ಒಬ್ಬರೇ: ಕಾಂತನ ಅಕ್ಕ ರತ್ನಮ್ಮ, ನನ್ನ ಬಾಯಲ್ಲಿ ರತ್ನಕ್ಕ. ಅವನಿಗಿಂತ ಮೂರು ವರ್ಷ ದೊಡ್ಡವರು. ಬಾಗೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಸಹಾಯಕಿ. ತಮ್ಮ ಸಿಕ್ಕಿಬಿದ್ದ ವರ್ಷ ತಾಯಂದಿರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿದ್ದರಂತೆ. ಕೊಲೆಗಾರನ ರಕ್ತ ಹಂಚಿಕೊಂಡವಳು ಕಲಸಿದ ಅನ್ನ ಬೇಡ ಎಂದು. ವರ್ಷವಾದ ಮೇಲೆ ಒಂದೊಂದಾಗಿ ಮಕ್ಕಳು ವಾಪಸು ಬಂದಿದ್ದವು. ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ದಾರಿ ಇರಲಿಲ್ಲ. ಗಂಡ ಬಿಟ್ಟು ಹೋಗಿದ್ದ.

ಮೊದಲ ಸಲ ಹೋದಾಗ ಚೊಕ್ಕವಾಗಿ ಹೇಳಿದರು. “ಅವ್ವ ಕೂಲಿಗೋಗೋಳು. ಹಟ ಮಾಡ್ತಾನೆ ಅಂತ ಅಟ್ಟಕ್ಕತ್ಸಿ ಏಣಿ ತೆಗ್ದು ಓಗೋಳು. ಎಂಟು ವರ್ಸ ಇದ್ದಾಗ ಮೇಲಿಂದ ಬಿದ್ದ. ಒಳ್ಳು ಕಲ್ಲಿಗೆ ತಲೆ ಬಡೀತು. ಎರಡು ದಿನ ಗ್ಯಾನ ಇರ್ಲಿಲ್ಲ. ಎದ್ದ ಮ್ಯಾಲೆ ಬ್ಯಾರೆ ಥರ ಆಗ್ಬುಟ್ಟ. ಬರ್ಕೊಳ್ಳಿ.”

ಇಷ್ಟು ಕ್ರಮವಾಗಿ ಮಾತು ಬಂದರೆ ನನಗೆ ಅನುಮಾನ. ನಾನೂ ಹಾಗೆ ಕ್ರಮವಾಗಿ ಎಷ್ಟು ಸಲ ಗೆದ್ದಿಲ್ಲ? ಆ ಮನೆ ತೋರಿಸುತ್ತೀರಾ ಎಂದೆ. ಭಾನುವಾರ ಬನ್ನಿ ಅಂದರು.

ಭಾನುವಾರ ಸೋನೆ ಹಿಡಿದಿತ್ತು. ಅವರ ತವರೂರು ಅಲ್ಲಿಂದ ಎರಡು ಮೈಲಿ. ಮನೆ ಹಾಳುಬಿದ್ದು, ಹೆಂಚು ಅಲ್ಲಲ್ಲಿ ಹೋಗಿ, ಅಟ್ಟ ಮಾತ್ರ ಉಳಿದಿತ್ತು. ಹಿತ್ತಲಲ್ಲಿ ಕಟ್ಟೆಯಿಲ್ಲದ ಬಾವಿ, ನೆಲಮಟ್ಟದಲ್ಲಿ ಬಾಯಿ ತೆರೆದುಕೊಂಡು. “ಇದ್ಕೇ ಹೆದರ್ತಿದ್ಲು ಅವ್ವ,” ಅಂದರು ರತ್ನಕ್ಕ. “ಬಾವಿಗ್ ಬಿದ್ದಾನು ಅಂತ ಮೇಲೆ ಹತ್ಸೋಳು.” ಅದನ್ನು ಮೊದಲ ಸಲ ಹೇಳಿರಲಿಲ್ಲ. ಹೊಡೆಯುತ್ತಿದ್ದ ತಾಯಿಯೇ ಕಾಯುತ್ತಿದ್ದ ತಾಯಿಯೂ ಆಗಿದ್ದಳು. ನನ್ನ ಪಟ್ಟಿಯಲ್ಲಿ ಅದಕ್ಕೆ ಸಾಲು ಇರಲಿಲ್ಲ.

ಪಕ್ಕದ ಮನೆಯಿಂದ ಏಣಿ ಇಸಿದುಕೊಂಡು ಬಂದು ಹತ್ತಿದೆ. ರತ್ನಕ್ಕ ಕೆಳಗೆ ಹಿಡಿದುಕೊಂಡರು. ಅಟ್ಟದಲ್ಲಿ ನಿಲ್ಲಲು ಆಗುವುದಿಲ್ಲ, ಮೊಣಕಾಲೂರಿ ಕೂರಬೇಕು. ಕಾಯಿ ಇಲ್ಲದೆ ಎಷ್ಟೋ ವರ್ಷವಾಗಿದ್ದರೂ ಆ ವಾಸನೆ ಮರಕ್ಕೆ ಹಿಡಿದಿತ್ತು. ಹೊರಗೆ ಮಳೆ, ಒಳಗೆ ಮಧ್ಯಾಹ್ನ ಎರಡು ಗಂಟೆಯ ಕತ್ತಲೆ. ಅಲ್ಲಿ ಕೂತು ನನ್ನ ಬುದ್ಧಿ ತನ್ನ ಹಳೆಯ ಚಾಳಿಗೆ ಬಿತ್ತು.

“ರತ್ನಕ್ಕ, ಅವನು ಬಿದ್ದದ್ದು ಎಷ್ಟೊತ್ತಿಗೆ?”

“ಮಧ್ಯಾನ. ಉಂಡಿದ್ವಿ.”

“ಅಮ್ಮ ಕೂಲಿಗೆ ಹೋಗ್ತಿದ್ದದ್ದು ಬೆಳಗ್ಗೆ. ಉಣ್ಣೋಕೆ ಅವನು ಕೆಳಗೆ ಇಳಿದಿದ್ದ ಅಂದಮೇಲೆ ಏಣಿ ಇತ್ತು. ಆಮೇಲೆ ಅದನ್ನು ತೆಗೆದವರು ಯಾರು?”

ಏಣಿ ಒಂದು ಗೇಣು ಸರಿಯಿತು. ಅವರು ಹಿಡಿತ ಬದಲಿಸಿದ್ದಿರಬೇಕು, ಅಷ್ಟೇ ಇರಬೇಕು. ಆದರೆ ಆ ಗಳಿಗೆಯಲ್ಲಿ ನನಗೆ ಕಂಡದ್ದು ಏಣಿಯ ಎರಡು ಕೊನೆಗಳು ಅಟ್ಟದ ಅಂಚಿನಿಂದ ಜಾರುತ್ತಿರುವುದು, ಕೆಳಗೆ ಒರಳುಕಲ್ಲು, ಮತ್ತು ಗಾಜಿನ ಬಳೆಯ ಸದ್ದು. ನಾನು ಹಲಗೆಗೆ ಅವುಚಿಕೊಂಡೆ. ಕಾಂತ ಹೇಳಿದ ಮಾತು ಆಗ ಅರ್ಥವಾಯಿತು. ಅವನ ತಂದೆ ಸತ್ತದ್ದು ಅವನ ನಾಲ್ಕನೆಯ ವಯಸ್ಸಿನಲ್ಲಿ. ಆಮೇಲೆ ಆ ತಾಯಿಯ ಕೈಯಲ್ಲಿ ಬಳೆ ಇರಲಿಲ್ಲ. ಆ ಮನೆಯಲ್ಲಿ ಬಳೆ ತೊಟ್ಟ ಕೈ ಒಂದು ಜೊತೆಯೇ ಇದ್ದದ್ದು.

“ನಾನೇ ಕಣವ್ವ,” ಅಂದರು ರತ್ನಕ್ಕ ಕೆಳಗಿನಿಂದ. “ಇಳಿ. ಗಟ್ಟಿಯಾಗ್ ಹಿಡ್ಕಂಡಿವ್ನಿ.”

ಇಳಿದೆ. ಜಗಲಿಯ ಮೇಲೆ ಕೂತು ಹೇಳಿದರು. ಬೀದಿ ನಾಯಿ ಹಿತ್ತಲಲ್ಲಿ ಮರಿ ಹಾಕಿತ್ತು, ನಾಲ್ಕು. ಕಾಂತ ಅವನ್ನು ದನದ ನೀರಿನ ತೊಟ್ಟಿಯಲ್ಲಿ ಒಂದೊಂದಾಗಿ ಮುಳುಗಿಸಿ, ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದನಂತೆ. ಅಳಲಿಲ್ಲ, ನಗಲಿಲ್ಲ. ಕೊನೆಯದನ್ನು ಇಟ್ಟು ಅಕ್ಕನ ಕಡೆ ತಿರುಗಿ ನೋಡಿದ.

“ಆ ನೋಟ ನೀವು ನೋಡಿಲ್ಲ. ಮನೇಲಿ ಇಬ್ರೇ. ಅವ್ವ ಬರೋದು ದೀಪ ಹಚ್ಚೋ ಹೊತ್ಗೆ. ಉಂಡ್ಮೇಲೆ ಮೇಲೋಗಿ ಮಲಗೋ ಅಂತ ಪುಸಲಾಯ್ಸಿ ಹತ್ಸಿ ಏಣಿ ತೆಗ್ದೆ. ಏಣಿ ಅದೆ ಅಂತ ಕತ್ಲೇಲಿ ಕಾಲಿಟ್ಟು ಬಿದ್ದ. ನಂಗೆ ಹನ್ನೊಂದು ವರ್ಸ.”

“ಹಾಗಾದರೆ ಮರಿ ಸತ್ತದ್ದು ಬೀಳೋಕೆ ಮೊದಲು.”

“ಊಂ.” ಆಮೇಲೆ ತಲೆ ಅಲ್ಲಾಡಿಸಿದರು. “ಇಲ್ಲ. ಅವತ್ತು ಏನೋ ಬ್ಯಾರೆ, ಕೋಳಿಗೆ ಕಲ್ಲು ಹೊಡ್ದಿದ್ನೋ ಏನೋ. ಮರಿ ಆಮ್ಯಾಕೆ. ತಲೇಗೆ ಪಟ್ಟಿ ಇತ್ತು ಮರಿ ಮುಳುಗುಸ್ವಾಗ. ಇತ್ತಾ? ನಂಗೊತ್ತಾಗ್ತಿಲ್ಲ ಕಣವ್ವ. ಎಲ್ಡೂ ಕಣ್ಮುಂದೆ ಅದೆ, ಯಾವ್ದು ಮೊದ್ಲು ಅಂತ ಇಲ್ಲ.”

ಮನೋವೈದ್ಯರು ಕೇಳಿ ಎಂದಿದ್ದ ಒಂದೇ ಪ್ರಶ್ನೆ. ಮರಿ ಮೊದಲಾದರೆ ಅವನು ಹುಟ್ಟಿನಿಂದಲೇ ಹಾಗಿದ್ದ, ಗಲ್ಲಿಗೆ ಹತ್ತಿರ. ಬಿದ್ದದ್ದು ಮೊದಲಾದರೆ ಪೆಟ್ಟು ಅವನನ್ನು ಹಾಗೆ ಮಾಡಿತು. ಆ ಪೆಟ್ಟು ಕೊಟ್ಟ ಕೈ ಹನ್ನೊಂದು ವರ್ಷದ ಅಕ್ಕನದು.

ಪರಮೇಶಪ್ಪನವರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

“ತಾಯಿ ಏಣಿ ತೆಗೀತಿದ್ದದ್ದು ನಿಜ ತಾನೆ?”

“ನಿಜ. ಆದರೆ ಅವತ್ತು...”

“ಅವನು ಬಿದ್ದದ್ದು ನಿಜ ತಾನೆ?”

“ನಿಜ ಸರ್. ಆದರೆ ಎರಡನ್ನೂ ಪಕ್ಕಪಕ್ಕ ಬರೆದರೆ ಸುಳ್ಳಾಗುತ್ತೆ.”

“ಅದು ಓದೋರ ಕೆಲಸ. ಮರಿ ವಿಷಯ ಅವಳಿಗೇ ಖಚಿತ ಇಲ್ಲ. ಖಚಿತ ಇಲ್ಲದ್ದನ್ನು ಬರೆದು ಒಬ್ಬನನ್ನ ನೇಣಿಗೆ ಹಾಕ್ತೀಯಾ? ಆ ಹೆಂಗಸಿನ ಹೆಸರು ಬರೆದು ಅವಳ ಅಂಗನವಾಡಿಗೆ ಬೀಗ ಹಾಕಿಸ್ತೀಯಾ? ಸತ್ತವಳು ತಾಯಿ. ಅವಳಿಗೆ ಇನ್ನೇನು ಆಗಬೇಕಿದೆ?”

ಎದುರುವಾದಕ್ಕೆ ಬಾಯಿ ತೆರೆದೆ. ಪುಟ್ಟಮ್ಮನ ಮುಚ್ಚಿದ ಬಾಗಿಲು, ದೊಡ್ಡಮ್ಮನ ಸಡಿಲ ಹಲಗೆ, ಅವನು ಹೊರಗೆ ಬಂದರೆ ಎಂಬ ಭಯ, ಎಲ್ಲ ಒಂದು ಕಡೆ. ಇನ್ನೊಂದು ಕಡೆ ನನ್ನ ಒಂದು ಸಾಲಿಗೆ ನೇತಾಡುವ ಒಬ್ಬ ಮನುಷ್ಯ. ಬಾಯಿ ಮುಚ್ಚಿದೆ. ಆ ಸಂಜೆ ಬರೆದೆ: ‘ತಾಯಿಯು ಬಾಲಕನನ್ನು ಅಟ್ಟಕ್ಕೆ ಹತ್ತಿಸಿ ಏಣಿಯನ್ನು ತೆಗೆದಿಡುತ್ತಿದ್ದಳು. ಎಂಟನೆಯ ವಯಸ್ಸಿನಲ್ಲಿ ಅವನು ಅಲ್ಲಿಂದ ಬಿದ್ದು ತಲೆಗೆ ಪೆಟ್ಟಾಯಿತು. ಅನಂತರ ಅವನ ಸ್ವಭಾವ ಬದಲಾಯಿತು.’ ಓದಿ ನೋಡಿದೆ. ಯಾರೂ ಎದುರಾಡಲಾಗದ ವಾಕ್ಯಗಳು. ಚೀಟಿ ಎತ್ತದೆ ನಾನು ಆರಿಸಿಕೊಂಡ ಮೊದಲ ಪಕ್ಷ ಅದು.

ಶ್ರಾವಣದ ಎರಡನೆಯ ವಾರ. ಹಾಸನದ ಕೋರ್ಟಿನಲ್ಲಿ ರತ್ನಕ್ಕ ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದರು. ಹತ್ತು ಹೆಜ್ಜೆ ದೂರದಲ್ಲಿ ಕಾಂತ. ಸತ್ತವರ ಮನೆಯವರು ಹಿಂದಿನ ಬೆಂಚುಗಳಲ್ಲಿ. ನ್ಯಾಯಾಧೀಶರು ವರದಿಯ ಹಾಳೆ ತಿರುವಿ ಕೇಳಿದರು.

“ಏಣಿ ತೆಗೀತಿದ್ದವರು ನಿಮ್ಮ ತಾಯಿಯೇನಮ್ಮ?”

ರತ್ನಕ್ಕ ತಮ್ಮನ ಕಡೆ ನೋಡಿದರು. ಅವನು ಕಣ್ಣು ಮುಚ್ಚಿಕೊಂಡಿದ್ದ, ತಲೆ ಒಂದು ಪಕ್ಕಕ್ಕೆ ವಾಲಿಸಿ. ಆ ಬಳೆ ಯಾರದೆಂದು ಅವನಿಗೆ ಗೊತ್ತಿತ್ತು. ಅವನು ‘ಅವ್ವ ಅಲ್ಲ, ಅಕ್ಕ’ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು.

“ಊಂ ಸ್ವಾಮಿ,” ಅಂದರು ರತ್ನಕ್ಕ. “ಅವ್ವ.”

ಜೀವಾವಧಿಯಾಯಿತು. ಹಿಂದಿನ ಬೆಂಚಿನಿಂದ ಯಾರೋ ಒಬ್ಬ ಹೆಂಗಸು ಎದ್ದು ನಿಂತು ಮತ್ತೆ ಕೂತಳು. ಪೊಲೀಸರು ಕಾಂತನನ್ನು ಕರೆದೊಯ್ಯುವಾಗ ಅವನು ಅಕ್ಕನ ಮುಂದೆ ಒಂದು ಗಳಿಗೆ ನಿಂತ.

“ಊಟ ಆಯ್ತಾ ಅಕ್ಕ?” ಅಂದ.

ಅವರು ಆಯ್ತು ಎನ್ನುವಂತೆ ತಲೆಯಾಡಿಸಿದರು. ಅವನು ಹೋದ. ಅವರು ಕಟಕಟೆಯ ಮರ ಹಿಡಿದುಕೊಂಡೇ ಇದ್ದರು. ಬಿಡಿಸಿಕೊಂಡು ಹೊರಗೆ ಕರೆತರಲು ಸ್ವಲ್ಪ ಹೊತ್ತು ಹಿಡಿಯಿತು.

ಕೋರ್ಟಿನ ಆವರಣದಲ್ಲಿ ಮಳೆ ಬಿಟ್ಟು ಬಿಸಿಲು ಬಂದಿತ್ತು. ಪರಮೇಶಪ್ಪ ನನ್ನ ಭುಜ ತಟ್ಟಿ, ಗೆದ್ದೆಯಲ್ಲಮ್ಮ ಎಂದು ಒಳಗೆ ಹೋದರು. ರತ್ನಕ್ಕ ಮರದ ಕೆಳಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ನಾಳೆ ಅಂಗನವಾಡಿಯಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವ ದಿನ, ಬೇಗ ಹೋಗಬೇಕು ಅಂದರು. ನಾನು ಆಟೋ ನಿಲ್ಲಿಸುವ ತನಕ ಜೊತೆಗೆ ನಡೆದೆ. ಸುಮ್ಮನೆ ಇರಬಹುದಿತ್ತು. ಸುಮ್ಮನಿರುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ಅವರು ಆಟೋ ಹತ್ತಿ ಕೂತ ಮೇಲೆ ಬಗ್ಗಿ, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದೆ:

“ರತ್ನಕ್ಕ, ಅದೇ ಪ್ರಶ್ನೇನ ಜಡ್ಜು ಬದಲು ಅವನೇ ಕೇಳಿದ್ದಿದ್ರೆ, ಏನು ಹೇಳ್ತಿದ್ರಿ?”